ಮೇಲ್ದುಟಿಯ ಎಡಗಡೆ

ವಿನಮ್, ಬ್ರಿಸ್ಬೇನ್
9 ಫೆಬ್ರವರಿ 2009

ಪ್ರೀತಿಯ ಹೋಸ್ಕಿಂಗ್ ಮೇಷ್ಟ್ರೇ,

ಫೋನಿನಲ್ಲಿ ನಾನು ಕೂಗುವುದು, ನೀವು "ಆಂ? ಆಂ?" ಎನ್ನುವುದು, ಕೊನೆಗೆ ಇಬ್ಬರೂ ಸಿಟ್ಟಾಗಿ ಇಟ್ಟುಬಿಡುವುದು, ಇದಕ್ಕಿಂತ ಕಾಗದವೇ ವಾಸಿ. ಒಂದು ಆಯುಷ್ಯವೆಲ್ಲ ಹಿತ್ತಾಳೆ ವಾದ್ಯಗಳ ಎದುರಿಗೆ ನಿಂತ ಕಿವಿಗಳು ಇನ್ನು ಫೋನಿಗೆ ಒಗ್ಗುತ್ತವೆಯೆಂಬ ನಂಬಿಕೆ ನನಗಿಲ್ಲ.

ನಿಮ್ಮಲ್ಲಿ ಒಂದು ಪ್ರಶ್ನೆ. ಕಾರ್ನೆಟ್ಟಿನ ಮೌತ್‌ಪೀಸಿನ ಬೆಳ್ಳಿ ಲೇಪ ಸವೆದು ಒಳಗಿನ ಹಿತ್ತಾಳೆ ಹೊರಗೆ ಬಂದರೆ ಅದು ತುಟಿಯನ್ನು ತಿನ್ನುತ್ತದೆಯೇ?

ನನ್ನ ಮೇಲ್ದುಟಿಯ ಎಡಗಡೆ, ಮೌತ್‌ಪೀಸ್ ಕೂರುವ ಜಾಗದಲ್ಲಿ, ಒಂದು ಸಣ್ಣ ಹುಣ್ಣು ಎದ್ದಿದೆ. ಕಳೆದ ಚಳಿಗಾಲದಿಂದಲೂ ಇದೆ. ಅಂಚು ಮೇಣ ಸವರಿದಂತೆ ಹೊಳೆಯುತ್ತದೆ. ಅಭ್ಯಾಸ ಮುಗಿದಾಗ ಒಂದು ಹನಿ ರಕ್ತ, ಮರುದಿನ ಅದರ ಮೇಲೆ ಹಕ್ಕಳೆ, ಅದು ಉದುರಿದರೆ ಮತ್ತೆ ರಕ್ತ. ಮೌತ್‌ಪೀಸ್ ಬದಲಿಸಿ ನೋಡಿದೆ. ಬದಲಿಸಿದ್ದೂ ಹಳೆಯದೇ, ಅದರ ಲೇಪವೂ ಸವೆದದ್ದೇ.

ನಿಮಗೆ ಬರೆಯಲು ಬೇರೊಂದು ಕಾರಣವೂ ಇದೆ. ಪಕ್ಕದ ಕುರ್ಚಿಯಲ್ಲಿ ಕೂತು ಊದುವ ಗ್ಯಾವಿನ್ ಪಾಸ್ಕೋ ಮೊನ್ನೆ ಚಹಾದ ಬಿಡುವಿನಲ್ಲಿ ನನ್ನ ಮುಖವನ್ನೇ ದಿಟ್ಟಿಸಿ, "ಬ್ರಾನಿ, ಅದನ್ನ ಡಾಕ್ಟ್ರಿಗೆ ತೋರಿಸ್ಕೋ. ನೋಲೀನ್ ಕೆಲಸ ಮಾಡೋ ಕ್ಲಿನಿಕ್‌ನಲ್ಲಿ ನಾಳೇನೇ ಅಪಾಯಿಂಟ್‌ಮೆಂಟ್ ಕೊಡಿಸ್ತೀನಿ" ಎಂದ. ನೋಲೀನ್ ಅವನ ಹೆಂಡತಿ, ಚರ್ಮದ ಕ್ಲಿನಿಕ್ಕಿನ ಸ್ವಾಗತದ ಮೇಜಿನಲ್ಲಿ ಕೂರುವವಳು.

"ನಿಂಗ್ಯಾಕೋ ಇಷ್ಟು ಅವಸರ?" ಎಂದೆ.

"ಅವಸರ ಏನಿಲ್ಲಪ್ಪ. ತೋರಿಸ್ಕೋ, ಅಷ್ಟೆ."

ಡ್ರಮ್ಮಿನ ಕೆವ್ ಹಿಂದಿನಿಂದ, "ಅವಳ ತುಟಿ ಎಲ್ಲಿ ನೋಡ್ತಿದ್ದಾನೆ ಅವನು, ಕುರ್ಚಿ ನೋಡ್ತಿದ್ದಾನೆ!" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಈಸ್ಟರಿಗೆ ರಾಷ್ಟ್ರೀಯ ಬ್ಯಾಂಡ್ ಸ್ಪರ್ಧೆ, ಅದಾದ ಎರಡೇ ವಾರಕ್ಕೆ ಆನ್ಜಾಕ್ ದಿನ, ಯುದ್ಧದಲ್ಲಿ ಮಡಿದ ಸೈನಿಕರ ಮುಂಜಾವಿನ ಸ್ಮರಣೆ. ಎರಡರಲ್ಲೂ ಮುಖ್ಯ ವಾದಕರು ಕೂರುವ ಮೊದಲ ಕುರ್ಚಿ ನನ್ನದು, ಒಂಟಿ ವಾದನವೂ ನನ್ನದು. ನಾನು ಏಳುವುದಕ್ಕೆ ಕಾಯುತ್ತಿರುವವರು ಒಬ್ಬರೇ ಅಲ್ಲ.

ಲೋಹದ ವಿಷಯ ನಿಜ ಹೇಳಿ.

ನಿಮ್ಮ ವಿದ್ಯಾರ್ಥಿನಿ,
ಬ್ರಾನ್ವಿನ್ ಟ್ರೆಲೋರ್


ಮೇರಿಬರೋ
15 ಫೆಬ್ರವರಿ 2009

ಮಗೂ ಬ್ರಾನಿ,

ನಿನ್ನ ಕಾಗದ ಕಂಡು ಸಂತೋಷವಾಯಿತು, ಓದಿದ ಮೇಲೆ ಅಷ್ಟು ಆಗಲಿಲ್ಲ.

ಸವೆದ ಲೇಪದಿಂದ ತುಟಿ ಕೆಂಪಾದವರನ್ನೂ ಕೆರೆದುಕೊಂಡವರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ನಿನ್ನ ಊಹೆ ಹುಚ್ಚು ಊಹೆಯಲ್ಲ. ಆದರೆ ಊಹೆಯನ್ನು ಪರೀಕ್ಷಿಸದೆ ನಂಬಲು ನಾನು ನಿನಗೆ ಕಲಿಸಿಲ್ಲ. ಅಪಸ್ವರ ಬಂದಾಗ ವಾದ್ಯವನ್ನು ಬೈಯುವ ಮೊದಲು ಏನು ಮಾಡುತ್ತಿದ್ದೆವು? ಅದೇ ವಾದ್ಯವನ್ನು ಬೇರೊಬ್ಬರಿಗೆ ಕೊಟ್ಟು ಊದಿಸುತ್ತಿದ್ದೆವು. ಇಲ್ಲಿಯೂ ಹಾಗೆಯೇ. ಎರಡು ವಾರ ಕಾರ್ನೆಟ್ಟನ್ನು ಪೆಟ್ಟಿಗೆಯಿಂದ ತೆಗೆಯಬೇಡ. ಹುಣ್ಣು ವಾಸಿಯಾದರೆ ತಪ್ಪು ಲೋಹದ್ದು. ಆಗದಿದ್ದರೆ ಲೋಹ ನಿರಪರಾಧಿ, ನೀನು ಡಾಕ್ಟರ ಬಳಿಗೆ ಹೋಗಬೇಕು. ಗ್ಯಾವಿನನ ಹೆಂಡತಿ ಇರುವ ಕ್ಲಿನಿಕ್ಕಿಗೇ ಹೋಗೆಂದು ನಾನು ಹೇಳುವುದಿಲ್ಲ. ಬಿಸಿಲಿಗೆ ಚರ್ಮ ಕೆಡುವ ಈ ರಾಜ್ಯದಲ್ಲಿ ಬೇಕರಿಗಳಿಗಿಂತ ಚರ್ಮದ ಕ್ಲಿನಿಕ್ಕುಗಳೇ ಹೆಚ್ಚು.

ನಿನ್ನ ಬಾಲ್ಯವೆಲ್ಲ ಅಪ್ಪನ ಕಬ್ಬಿನ ಗದ್ದೆಯಲ್ಲಿ ಕಳೆದದ್ದು. ಮುಖಕ್ಕೆ ಬಿಸಿಲು ಬಿದ್ದಷ್ಟು ನೀರು ಬಿದ್ದಿರಲಿಕ್ಕಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿ.

ಒಳ್ಳೆಯದನ್ನೇ ನಿರೀಕ್ಷಿಸುತ್ತಿರುವ,
ಕ್ಲೆಮ್ ಹೋಸ್ಕಿಂಗ್


ವಿನಮ್
8 ಮಾರ್ಚ್ 2009

ಪ್ರೀತಿಯ ಮೇಷ್ಟ್ರೇ,

ಲೋಹ ನಿರಪರಾಧಿ.

ಎರಡು ವಾರ ಊದಲಿಲ್ಲ. ಸ್ನಾಯುನೋವು ಎಂದು ಬ್ಯಾಂಡಿನಲ್ಲಿ ಸುಳ್ಳು ಹೇಳಿದೆ. ಹುಣ್ಣು ಇದ್ದಲ್ಲೇ ಇತ್ತು. ನದಿಯ ಆಚೆ ದಡದಲ್ಲಿ, ಬ್ಯಾಂಡಿನವರು ಯಾರೂ ಸುಳಿಯದ ಕಡೆ ಒಂದು ಕ್ಲಿನಿಕ್ ಹುಡುಕಿಕೊಂಡು ಹೋದೆ. ಡಾ. ಲಾಸ್ಕಾರಿಸ್ ಎಂಬ ಹೆಂಗಸು ಸೂಜಿ ಚುಚ್ಚಿ, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಮೊನ್ನೆ ಕರೆದು, ಸೈಕಲ್ಲಿನ ಚಕ್ರಕ್ಕೆ ಗಾಳಿ ಕಡಿಮೆಯಿದೆ ಎನ್ನುವ ದನಿಯಲ್ಲಿ ಹೇಳಿದರು: "ಬಿ.ಸಿ.ಸಿ. ಕಣಮ್ಮ. ಚರ್ಮದ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ್ದು. ಬೇರೆ ಕಡೆ ಹರಡೋದು ತೀರಾ ಅಪರೂಪ. ಆದ್ರೆ ಇದ್ದಲ್ಲೇ ಒಳಗೊಳಗೆ ಕೊರೀತಾ ಹೋಗುತ್ತೆ, ಬಿಡೋ ಹಾಗಿಲ್ಲ."

ಅಷ್ಟು ಸಾಮಾನ್ಯವಾದದ್ದಕ್ಕೆ ಕ್ಯಾನ್ಸರ್ ಎಂಬ ಹೆಸರೇಕೆ, ಕ್ಯಾನ್ಸರ್ ಆಗಿದ್ದರೆ ಇವರಿಗೆ ಇಷ್ಟು ಸಲೀಸೇಕೆ ಎಂದು ನಾನು ಅವರ ಮುಖವನ್ನೇ ನೋಡುತ್ತ ಕೂತೆ.

ಅಪ್ಪನ ಮುಖದ ಮಚ್ಚೆಗಳಿಗೆ ವರ್ಷ ವರ್ಷ ಮಾಡುತ್ತಿದ್ದಂತೆ ಹೆಪ್ಪುಗಟ್ಟಿಸುವಷ್ಟು ತಣ್ಣನೆಯ ಗಾಳಿ ಊದಿ ಸುಡಬಹುದಲ್ಲ ಎಂದೆ. ಅದು ಮೇಲ್ಮೈಯ ಮಚ್ಚೆಗಳಿಗಂತೆ, ನನ್ನದು ಆಳಕ್ಕಿಳಿದ ಬಗೆಯದಂತೆ. ಹಚ್ಚಿಕೊಳ್ಳುವ ಮುಲಾಮೂ ಅದೇ ಕಾರಣಕ್ಕೆ ಸಲ್ಲದಂತೆ. ಉಳಿದದ್ದು ಮೂರು ದಾರಿ. ಸುತ್ತ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ ಹೊಲಿಯುವುದು, ಇದನ್ನು ಅವರೇ ಮಾಡುತ್ತಾರೆ. ವಾರಗಟ್ಟಲೆ ವಿಕಿರಣ ಕೊಡಿಸುವುದು. ಇಲ್ಲವೇ ಊರೊಳಗಿನ ತಜ್ಞರೊಬ್ಬರ ಬಳಿ ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಉಳಿದ ಕಡೆ ಮಾತ್ರ ಮತ್ತೆ ತೆಗೆಯುವುದು.

"ನಿಮ್ಮ ತುಟಿ ಆಗಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿದೆ.

"ಅದು ನೀವೇನು ಕೆಲಸ ಮಾಡ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಏನು ಕೆಲಸ?"

"ಕೌನ್ಸಿಲ್ ಆಫೀಸಲ್ಲಿ. ನೀರಿನ ದೂರು ಬರೆದುಕೊಳ್ಳೋದು."

"ಹಾಗಿದ್ರೆ ಇಲ್ಲೇ ಕತ್ತರಿಸಿಬಿಡೋಣ, ಹತ್ತೊಂಬತ್ತಕ್ಕೆ, ಗುರುವಾರ. ನಕ್ಕಾಗ ಸ್ವಲ್ಪ ಎಳೆದ ಹಾಗೆ ಅನ್ನಿಸಬಹುದು, ಅಷ್ಟೆ."

ಇಷ್ಟು ಬೇಗ ಗುರುವಾರ ಬಿಡುವು ಹೇಗೆ ಸಿಕ್ಕಿತು? ಒಳ್ಳೆಯ ಡಾಕ್ಟರಿಗೆ ತಿಂಗಳುಗಟ್ಟಲೆ ಕಾಯಬೇಕಲ್ಲವೇ?

ಬ್ರಾನ್ವಿನ್


ಮೇರಿಬರೋ
12 ಮಾರ್ಚ್ 2009

ಮಗೂ,

ಕಾಯಿಲೆಯ ಹೆಸರು ಓದಿ ಕಾಗದವನ್ನು ಮಡಿಸಿ ಇಟ್ಟುಬಿಟ್ಟೆ. ಆಮೇಲೆ ಡಾಕ್ಟರು ಹೇಳಿದ್ದನ್ನು ಮತ್ತೆ ಓದಿ ಸಮಾಧಾನ ತಂದುಕೊಂಡೆ. ನಮ್ಮ ಹಳೆಯ ಬ್ಯಾಂಡಿನಲ್ಲಿ ಇದನ್ನು ತೆಗೆಸಿಕೊಳ್ಳದವರನ್ನು ಹುಡುಕುವುದೇ ಕಷ್ಟ. ಕಿವಿ, ಹಣೆ, ಕತ್ತು, ಒಬ್ಬೊಬ್ಬರದು ಒಂದೊಂದು ಕಡೆ. ಎಲ್ಲರೂ ಬದುಕಿದ್ದಾರೆ, ಕೆಲವರು ಇನ್ನೂ ಅಪಸ್ವರ ಊದುತ್ತಿದ್ದಾರೆ.

ಆದರೆ ಅವರಾರಿಗೂ ತುಟಿಯ ಮೇಲೆ ಬಂದಿರಲಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆ ಕೋಣೆಯಲ್ಲಿ ನಡೆದ ಮಾತುಗಳನ್ನು ನೀನು ಚೆನ್ನಾಗಿ ಬರೆದಿದ್ದೀಯೆ. ಅದರಲ್ಲಿ ಎಲ್ಲವೂ ಇದೆ, ಕಾರ್ನೆಟ್ ಇಲ್ಲ. ನೇರವಾಗಿ ಕೇಳುತ್ತೇನೆ, ನೊಂದುಕೊಳ್ಳಬೇಡ: ನೀನು ಊದುವವಳೆಂದು ಆ ಡಾಕ್ಟರಿಗೆ ಗೊತ್ತಿದೆಯೇ? ನೀರಿನ ದೂರು ಬರೆದುಕೊಳ್ಳುವವಳ ತುಟಿಗೆ ಆ ಉತ್ತರ ಸರಿಯಿರಬಹುದು. ಅವರು ಕೇಳಿದ್ದು ನಿನ್ನ ತುಟಿ ಏನು ಕೆಲಸ ಮಾಡುತ್ತದೆ ಎಂದು. ನೀನು ಹೇಳಿದ್ದು ನಿನ್ನ ಕೈ ಮಾಡುವ ಕೆಲಸ.

ಗುರುವಾರದ ಮೊದಲು ಈ ಕಾಗದ ತಲುಪದಿದ್ದರೆ ಎಂದು ಓಡೋಡಿ ಅಂಚೆಗೆ ಹಾಕುತ್ತಿದ್ದೇನೆ.

ಆತಂಕದಿಂದ,
ಕ್ಲೆಮ್


ವಿನಮ್
20 ಮಾರ್ಚ್ 2009

ಮೇಷ್ಟ್ರೇ,

ಗುರುವಾರ ಹೋಗಲಿಲ್ಲ. ಫೋನ್ ಮಾಡಿ ಮುಂದೂಡಿದೆ. ನಿಮ್ಮ ಪ್ರಶ್ನೆಗೆ ಆಮೇಲೆ ಉತ್ತರಿಸುತ್ತೇನೆ.

ಅಷ್ಟಕ್ಕೂ ಕತ್ತರಿಸುವ ಅಗತ್ಯವೇ ಬೀಳದಿರಬಹುದು. ಕಳೆದ ಶನಿವಾರ ಸಂತೆಯಲ್ಲಿ ಜೇನು, ಸೋಪು ಮಾರುವವರ ನಡುವೆ ಒಬ್ಬ ಮುದುಕ ಸಿಕ್ಕ. ನನ್ನ ತುಟಿ ನೋಡಿದವನೇ ಮೇಜಿನ ಕೆಳಗಿನಿಂದ ಕಪ್ಪು ಮುಲಾಮಿನ ಒಂದು ಡಬ್ಬಿ ತೆಗೆದ. "ಕೆಟ್ಟ ಮಾಂಸಾನ ಮಾತ್ರ ಹಿಡಿದು ಎಳೆಯುತ್ತೆ ಚಿನ್ನ, ಒಳ್ಳೇದನ್ನ ಮುಟ್ಟೋದೂ ಇಲ್ಲ. ಡಾಕ್ಟ್ರುಗಳು ಇದನ್ನ ಯಾಕೆ ನಿಲ್ಲಿಸಿದ್ರು ಹೇಳು? ಅವರ ಕತ್ತರಿಗೆ ತುಕ್ಕು ಹಿಡಿಯುತ್ತಲ್ಲ, ಅದಕ್ಕೆ!" ಎಂದ.

ಅವನು ನನ್ನ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಿಸಿಕೊಳ್ಳಲಿಲ್ಲ. ಇಷ್ಟು ದಿನಗಳಲ್ಲಿ ಏನನ್ನೂ ಕೇಳದಿದ್ದವನು ಅವನೊಬ್ಬನೇ. ಅದೇ ನನಗೆ ಹಿಡಿಸಿತು. ಈ ವಾರ ಶುರುಮಾಡಬೇಕೆಂದಿದ್ದೇನೆ.

ಬ್ರಾನ್ವಿನ್


ಮೇರಿಬರೋ
23 ಮಾರ್ಚ್ 2009

ಬ್ರಾನಿ,

ಹಚ್ಚಬೇಡ. ಇದನ್ನು ಓದುವ ಹೊತ್ತಿಗೆ ಹಚ್ಚಿದ್ದರೆ ತೊಳೆದುಬಿಟ್ಟು, ಈಗಲೇ, ಚಪ್ಪಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗು.

ಯೂಫೋನಿಯಂ ಊದುತ್ತಿದ್ದ ಲೆಸ್ ಟಾಂಕಿನ್ ನಿನಗಿಂತ ಮೊದಲಿನವನು, ನೀನು ಅವನನ್ನು ಕಂಡಿಲ್ಲ. ಅವನೂ ಇಂಥದೇ ಕಪ್ಪು ಮುಲಾಮನ್ನು ಮೂಗಿನ ಪಕ್ಕಕ್ಕೆ ಹಚ್ಚಿದ. ಅದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಗೊತ್ತಿಲ್ಲ, ಮಗೂ. ಸಿಕ್ಕಿದ್ದನ್ನೆಲ್ಲ ಸುಟ್ಟು ಕರಿಯ ಹಕ್ಕಳೆ ಕಟ್ಟಿಸುತ್ತದೆ. ಅದು ಉದುರಿದಾಗ ಮೂಗಿನ ಹೊಳ್ಳೆಯೂ ಉದುರಿತು. ಗಾಯ ಮಾಯ್ದು ಮೇಲೆ ನುಣುಪಾದ ಚರ್ಮ ಬಂತು. ಕ್ಯಾನ್ಸರ್ ಅದರ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತಿತ್ತು.

ನೀನು ಅನುಮಾನದ ಹುಡುಗಿ. ಆ ಗುಣ ನನಗೆ ಮೊದಲಿನಿಂದಲೂ ಇಷ್ಟ. ಅಚ್ಚಾದ ಸ್ವರಲಿಪಿಯಲ್ಲೇ ತಪ್ಪಿದೆಯೆಂದು ಹನ್ನೆರಡನೆಯ ವಯಸ್ಸಿಗೇ ನನ್ನೊಡನೆ ಜಗಳಕ್ಕೆ ನಿಂತವಳು ನೀನು, ಮತ್ತು ತಪ್ಪು ನಿಜವಾಗಿಯೂ ಇತ್ತು. ಆದರೆ ಈಗ ನಿನ್ನ ಅನುಮಾನ ಪಕ್ಷಪಾತ ಮಾಡುತ್ತಿದೆ. ಪ್ರಶ್ನೆ ಕೇಳಿದವರನ್ನೆಲ್ಲ ಅನುಮಾನಿಸಿದೆ, ಕೇಳದವನನ್ನು ನಂಬಿದೆ. ನಿನ್ನ ತುಟಿ ಏನಾದರೂ ತನಗೇನು ಎನ್ನುವವನು ಮಾತ್ರ ನಿನ್ನನ್ನು ಏನೂ ಕೇಳುವುದಿಲ್ಲ. ಅನುಮಾನಿಸುವುದೇ ಆದರೆ ಅವನನ್ನೂ ಅನುಮಾನಿಸು, ನನ್ನನ್ನೂ ಅನುಮಾನಿಸು. ಆದರೆ ಎದುರಿಗೆ ನಿಂತು ಅನುಮಾನಿಸು. ಡಾಕ್ಟರ ಮುಂದೆ ಕೂತು, "ನಾನು ಕಾರ್ನೆಟ್ ಊದುತ್ತೇನೆ, ನನ್ನ ತುಟಿ ಉಳಿಯುತ್ತದೆಯೇ?" ಎಂದು ಕೇಳು.

ಉತ್ತರಕ್ಕೆ ಕಾದಿರುವ,
ನಿನ್ನ ಮೇಷ್ಟ್ರು


ಮೇರಿಬರೋ
2 ಏಪ್ರಿಲ್ 2009

ಬ್ರಾನಿ,

ಉತ್ತರ ಬರಲಿಲ್ಲ. ಗ್ಯಾವಿನನಿಗೆ ಬರೆದು ವಿಚಾರಿಸೋಣವೆಂದು ಕಾಗದ ತೆಗೆದೆ, ವಿಳಾಸವನ್ನೂ ಬರೆದೆ. ಆಮೇಲೆ ಹರಿದು ಹಾಕಿದೆ. ಒಮ್ಮೆ ನಿನ್ನ ಬೆನ್ನ ಹಿಂದೆ ವಿಚಾರಿಸಿದೆನೆಂದರೆ ನೀನು ನನಗೂ ಬರೆಯುವುದನ್ನು ನಿಲ್ಲಿಸುತ್ತೀಯೆ.

ಸಿಟ್ಟಿದ್ದರೆ ಸಿಟ್ಟಿನ ಕಾಗದವನ್ನೇ ಬರೆ.

ಕ್ಲೆಮ್


ವಿನಮ್
6 ಏಪ್ರಿಲ್ 2009

ಪ್ರೀತಿಯ ಮೇಷ್ಟ್ರೇ,

ತುಟಿಗೆ ಹಚ್ಚಲಿಲ್ಲ.

ನಿಮ್ಮ ಕಾಗದ ಬರುವ ಮೊದಲೇ ಮುಂಗೈಗೆ, ಏನೂ ಆಗಿಲ್ಲದ ಒಳ್ಳೆಯ ಚರ್ಮಕ್ಕೆ, ಕಡಲೆಕಾಳಿನಷ್ಟು ಹಚ್ಚಿ ಕಟ್ಟಿದ್ದೆ. ಒಳ್ಳೆಯದನ್ನು ಮುಟ್ಟುವುದೂ ಇಲ್ಲ ಎಂದಿದ್ದನಲ್ಲ, ನೋಡೋಣ ಎಂದು. ಎರಡನೆಯ ದಿನ ಉರಿಗೆ ನಿದ್ದೆ ಬರಲಿಲ್ಲ. ಈಗ ಅಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿಯಿದೆ. ಅದನ್ನು ನೋಡುತ್ತ, ಇದು ತುಟಿಯ ಮೇಲಾಗಿದ್ದರೆ ಎಂದುಕೊಂಡೆ. ಆಮೇಲೆ ಕೆಲವು ದಿನ ಯಾರಿಗೂ ಏನೂ ಬರೆಯುವ ಧೈರ್ಯವಾಗಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ಹೇಳಿರಲಿಲ್ಲ. ಊದುವವಳೆಂದರೆ ಆ ಮಾತು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಹಾರಿ ನೋಲೀನಳ ಕಿವಿಗೆ, ಅಲ್ಲಿಂದ ಗ್ಯಾವಿನನಿಗೆ, ಅಲ್ಲಿಂದ ಬ್ಯಾಂಡಿನ ಸಮಿತಿಗೆ ಹೋಗುತ್ತದೆ ಎಂದುಕೊಂಡೆ. ಅದಕ್ಕಿಂತ ಒಳಗಿನದು ಇನ್ನೊಂದು. ನನಗೆ ಯಾವುದು ಬೇಕೇ ಬೇಕು ಎಂದು ಇನ್ನೊಬ್ಬರಿಗೆ ತಿಳಿಯಿತೆಂದರೆ, ಅವರು ಅದನ್ನೇ ಹಿಡಿದು ನನ್ನನ್ನು ಆಡಿಸುತ್ತಾರೆ ಎಂಬ ಭಯ.

ಕಳೆದ ವಾರ ಡಾ. ಲಾಸ್ಕಾರಿಸ್ ಬಳಿಗೆ ಮತ್ತೆ ಹೋದೆ. ಮೊದಲು ಮುಂಗೈ ತೋರಿಸಿದೆ. ಬಾಯಿಗೆ ಬಂದಂತೆ ಬೈದರು. ಬೈಗುಳ ಮುಗಿದ ಮೇಲೆ, "ನಾನು ಕಾರ್ನೆಟ್ ಊದ್ತೀನಿ" ಎಂದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಏನಂದ್ರಿ?"

"ಕಾರ್ನೆಟ್. ಬ್ಯಾಂಡಲ್ಲಿ. ಮೊದಲ ಕುರ್ಚಿ."

"ಅಲ್ಲಮ್ಮಾ, ಏನು ಕೆಲಸ ಅಂತ ಸುಮ್ಮನೆ ಮಾತಿಗೆ ಕೇಳಿದ್ನೇ? ನಾನು ಆವತ್ತು ಕತ್ತರಿಸಿಬಿಟ್ಟಿದ್ರೆ? ಸುತ್ತಲಿನ ಒಳ್ಳೇ ಚರ್ಮಾನೂ ಸೇರಿಸಿ ಅಂದಾಜಲ್ಲಿ ತೆಗೀತಿದ್ದೆ. ಆ ಅಂದಾಜು ನಿಮ್ಮ ಊದೋ ಜಾಗದಲ್ಲೇ ಬೀಳ್ತಿತ್ತು. ಕಳಿಸ್ತೀನಿ, ಈಗಲೇ ಕಳಿಸ್ತೀನಿ" ಎಂದು, ಪದರ ಪದರವಾಗಿ ತೆಗೆಯುವ ಡಾ. ಕೋವಾಲ್ ಅವರಿಗೆ ನನ್ನೆದುರಿಗೇ ಫೋನ್ ಮಾಡಿದರು.

ಡಾ. ಕೋವಾಲ್ ಮಾತು ಕಡಿಮೆಯ ಮನುಷ್ಯ. ಕಾರ್ನೆಟ್ ತರಲು ಹೇಳಿದ್ದರು. ಮೌತ್‌ಪೀಸನ್ನು ನಾನು ಊದುವಂತೆಯೇ ತುಟಿಗೆ ಒತ್ತಿ ಹಿಡಿಯಲು ಹೇಳಿ, ಅದರ ಅಂಚಿನ ಸುತ್ತ ನೀಲಿ ಶಾಯಿಯಿಂದ ಗೆರೆ ಎಳೆದರು. ತೆಗೆದು ಕನ್ನಡಿ ಕೊಟ್ಟರು. ನನ್ನ ತುಟಿಯ ಮೇಲೊಂದು ನೀಲಿ ಉಂಗುರ, ಅದರೊಳಗೆ ಹುಣ್ಣು. "ಇಷ್ಟರೊಳಗೆ ಎಷ್ಟು ಕಡಿಮೆ ಮುಟ್ಟಿದ್ರೆ ಅಷ್ಟು ಒಳ್ಳೇದು. ಅಂದಾಜಿನ ಕೆಲಸ ಇಲ್ಲಿ ಬೇಡ" ಎಂದರು. ಏಪ್ರಿಲ್ ಕೊನೆಗೆ ದಿನ ಗೊತ್ತಾಗಿದೆ. ನಿಧಾನವಾಗಿ ಬೆಳೆಯುವಂಥದ್ದು, ಅಷ್ಟು ಕಾಯಬಹುದಂತೆ. ಆದರೆ ಅಲ್ಲಿಯವರೆಗೆ ಊದಿ ಅದನ್ನು ಕೆಣಕುವಂತಿಲ್ಲ.

ಆದ್ದರಿಂದ ಬ್ಯಾಂಡಿನಲ್ಲಿ ಹೇಳಿದೆ. ಸ್ಪರ್ಧೆಗೂ ಆನ್ಜಾಕ್ ದಿನಕ್ಕೂ ಗ್ಯಾವಿನ್ ನನ್ನ ಕುರ್ಚಿಯಲ್ಲಿ ಕೂರುತ್ತಾನೆ. ಎಲ್ಲರೂ ಹೋದ ಮೇಲೆ ಅವನನ್ನು ನಿಲ್ಲಿಸಿ ಕೇಳಿದೆ, ನೀವು ಹೇಳಿದಂತೆ ಎದುರಿಗೆ ನಿಂತು: "ನಿಜ ಹೇಳೋ. ಆವತ್ತು ಯಾಕೆ ಹಾಗಂದೆ?"

"ನಿನ್ನ ತುಟಿ ನೋಡಿ."

"ಕುರ್ಚಿ ಬೇಕಿರಲಿಲ್ವಾ?"

"ಬೇಕಿತ್ತು! ಯಾರಿಗೆ ಬೇಡ ಹೇಳು? ಬೇಕಿತ್ತು ಅಂದ ಮಾತ್ರಕ್ಕೆ ನಿನ್ನ ತುಟಿ ನೋಡ್ಕೊಂಡು ಸುಮ್ನೆ ಇರೋಕಾಗುತ್ತಾ?"

ಅವನನ್ನು ಪೂರ್ತಿ ನಂಬಲು ನನಗಿನ್ನೂ ಆಗಿಲ್ಲ. ಆದರೆ ಬೇಕಿತ್ತು ಎಂದು ಒಪ್ಪಿಕೊಂಡನಲ್ಲ, ಅಷ್ಟನ್ನು ನಂಬಿದ್ದೇನೆ.

ಬ್ರಾನಿ


ಮೇರಿಬರೋ
12 ಏಪ್ರಿಲ್ 2009, ಈಸ್ಟರ್ ಭಾನುವಾರ

ಮಗೂ,

ಸ್ಪರ್ಧೆಗೆ ಹೋಗದೆ ಮನೆಯಲ್ಲಿ ಕೂತಿರುವವಳಿಗೆ ಹಬ್ಬದ ಶುಭಾಶಯ ಹೇಳಲು ನನಗೆ ನಾಲಗೆ ಏಳುವುದಿಲ್ಲ. ಆದರೆ ನಿನ್ನ ಕಾಗದವನ್ನು ಓದಿದ ದಿನ ನಾನು ಹಿತ್ತಲಲ್ಲಿ ಎರಡು ಸುತ್ತು ಸುಮ್ಮನೆ ನಡೆದಾಡಿದೆ. ಖುಷಿಯಾದಾಗ ನಾನು ಹಾಗೆ ಮಾಡುತ್ತೇನೆ, ನೆರೆಯವರಿಗೆ ಅಭ್ಯಾಸವಾಗಿದೆ.

ಗುಳಿ ಬಿದ್ದ ಮುಂಗೈಯನ್ನು ಡಾಕ್ಟರಿಗೆ ತೋರಿಸಲು ಎಷ್ಟು ಧೈರ್ಯ ಬೇಕೆಂದು ನನಗೆ ಗೊತ್ತು. ಬೈಸಿಕೊಳ್ಳುವುದು ಗೊತ್ತಿದ್ದೂ ಹೋಗಿ ಕೂರುವವರೇ ಮುಂದೆ ಕಲಿಯುವವರು. ನಾನು ಕಲಿಸಿದ ಮಕ್ಕಳಲ್ಲಿ ಉಳಿದುಕೊಂಡವರೆಲ್ಲ ಅಂಥವರೇ.

ಡಾ. ಕೋವಾಲ್ ಅವರನ್ನು ಒಂದು ಮಾತು ಕೇಳಿಟ್ಟುಕೋ. ತುಟಿಯ ಸುತ್ತ ಉಂಗುರದಂತಿರುವ ಸ್ನಾಯುವೇ ನಮ್ಮ ಬಂಡವಾಳ. ಅದರವರೆಗೆ ಹೋಗಬೇಕಾಗಿ ಬಂದರೆ ಏನು ಮಾಡುತ್ತಾರೆ? ಹೋಗುವ ಮೊದಲು ನಿನಗೆ ಹೇಳುತ್ತಾರೆಯೇ? ಉತ್ತರ ಹಿತವಾಗಿರದಿದ್ದರೂ ಕೇಳು.

ನಿನ್ನವನೇ,
ಕ್ಲೆಮ್


ಬ್ರಿಸ್ಬೇನ್, ಡಾ. ಕೋವಾಲ್ ಅವರ ಕಾಯುವ ಕೋಣೆ
30 ಏಪ್ರಿಲ್ 2009

ಪ್ರೀತಿಯ ಮೇಷ್ಟ್ರೇ,

ಇದನ್ನು ತುಟಿಯ ಮೇಲೆ ಹತ್ತಿಯ ದಿಂಡು ಅಂಟಿಸಿಕೊಂಡು ಬರೆಯುತ್ತಿದ್ದೇನೆ. ಇಲ್ಲಿನ ಕ್ರಮ ವಿಚಿತ್ರ. ಜಾಗವನ್ನಷ್ಟೇ ಜೋಮು ಹಿಡಿಸಿ ಒಂದು ಪದರ ತೆಗೆಯುತ್ತಾರೆ, ಪಟ್ಟಿ ಹಾಕಿ ಹೊರಗೆ ಕೂರಿಸುತ್ತಾರೆ. ಒಳಗೆ ಆ ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಉಳಿದಿದ್ದರೆ ಮತ್ತೆ ಕರೆಯುತ್ತಾರೆ. ಸುತ್ತ ಕೂತವರ ಮೂಗಿಗೆ, ಕಿವಿಗೆ, ರೆಪ್ಪೆಗೆ ಪಟ್ಟಿ. ಎಲ್ಲರ ಕೈಯಲ್ಲೂ ಚಹಾ, ಬಿಸ್ಕತ್ತು. ಯಾರ ಹೆಸರು ಕರೆದರೂ ಉಳಿದವರು ತಲೆ ತಗ್ಗಿಸುತ್ತಾರೆ.

ಪಕ್ಕದಲ್ಲಿ ಕೂತ ಮುದುಕ ಮೂಗಿನ ಪಟ್ಟಿಯನ್ನು ಮುಟ್ಟಿಕೊಂಡು, "ನಂದು ಮೂರನೇ ಸುತ್ತು ಕಣಮ್ಮಾ. ಹಿಂಗೇ ಹೋದ್ರೆ ಸಂಜೆಗೆ ಮೂಗು ಇಲ್ಲೇ ಉಳಿಯುತ್ತೆ, ನಾನೊಬ್ನೇ ಮನೆಗೆ ಹೋಗ್ತೀನಿ" ಎಂದ. ನಗಬೇಡಿ ಎಂದು ನರ್ಸ್ ನನ್ನನ್ನು ಗದರಿದಳು.

ನನ್ನದು ಎರಡು ಪದರ ಆಗಿದೆ. ಈಗಷ್ಟೇ ಡಾ. ಕೋವಾಲ್ ಒಳಗೆ ಕರೆದು, ಬಾಗಿಲು ಹಾಕಿ, ನಕ್ಷೆಯೊಂದನ್ನು ತೋರಿಸಿದರು. ಸುತ್ತ ಎಲ್ಲ ಕಡೆ ಸ್ವಚ್ಛ. ಕೆಳಗೆ, ಕೆಂಪು ತುಟಿ ಶುರುವಾಗುವಲ್ಲಿ, ಒಂದು ಕಡೆ ಮಾತ್ರ ಉಳಿದಿದೆ. ಮುಂದಿನ ಪದರದಲ್ಲಿ ಸ್ನಾಯು ಹೋಗುತ್ತದೆ.

"ಎಷ್ಟು?"

"ಗೊತ್ತಿಲ್ಲ. ತೆಗೆದ ಮೇಲೇ ಗೊತ್ತಾಗೋದು."

"ನಾನು ಊದೋಕಾಗುತ್ತಾ?"

"ಅದೂ ಗೊತ್ತಿಲ್ಲ. ಬೇಕಾದ್ರೆ ಇಲ್ಲಿಗೇ ನಿಲ್ಲಿಸಿ ಹೊಲೀತೀನಿ, ಉಳಿದಿದ್ದಕ್ಕೆ ವಿಕಿರಣ ಕೊಡಿಸಬಹುದು. ಅದರಲ್ಲಿ ತುಟಿ ಒಣಗಿ ಬಿಗಿಯಬಹುದು. ನಿಮ್ಮ ವಯಸ್ಸಿಗೆ ಅದು ನನಗೆ ಅಷ್ಟು ಇಷ್ಟವಿಲ್ಲ. ಏನೂ ಮಾಡದೆ ಬಿಟ್ಟರೆ ಮತ್ತೆ ಬೆಳೆಯುತ್ತೆ, ಆಗ ಹೋಗೋದು ಇದಕ್ಕಿಂತ ಜಾಸ್ತಿ."

"ನನ್ನಿಂದ ಏನನ್ನ ಮುಚ್ಚಿಡ್ತಿದ್ದೀರಿ?" ಎಂದು ಕೇಳಿಯೇಬಿಟ್ಟೆ.

ಅವರಿಗೆ ಸಿಟ್ಟು ಬರಲಿಲ್ಲ. ಎದ್ದು ಬನ್ನಿ ಎಂದು ಪಕ್ಕದ ಕೋಣೆಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. "ನೀವೇ ನೋಡಿ. ಗುಲಾಬಿ ಬಣ್ಣದ್ದು ನೀವು. ಕಡು ನೀಲಿದು ಅದು." ನೋಡಿದೆ. ಗುಲಾಬಿ ಬಯಲಿನ ಅಂಚಿನಲ್ಲಿ ಮೂರು ನಾಲ್ಕು ನೀಲಿ ಗುಂಪುಗಳು, ದನ ಮಂದೆಯಿಂದ ತಪ್ಪಿಸಿಕೊಂಡು ಬೇಲಿಯ ಪಕ್ಕ ನಿಂತ ಹಾಗೆ. ಅಷ್ಟು ಸಣ್ಣವು. ಅಷ್ಟು ಸ್ಪಷ್ಟ. ಅವರು ಹೇಳಿದ್ದೂ ನಾನು ಕಂಡದ್ದೂ ಒಂದೇ ಆಗಿತ್ತು. ಬಹಳ ದಿನಗಳಿಂದ ನನಗೆ ಹಾಗಾಗಿರಲಿಲ್ಲ.

ಯೋಚಿಸಿ ಹೇಳಿ ಎಂದು ಹೊರಗೆ ಕಳಿಸಿದ್ದಾರೆ. ಯೋಚಿಸಲು ಉಳಿದಿರುವುದು ಹೆಚ್ಚೇನೂ ಇಲ್ಲ. ತೆಗೆಯಿರಿ ಎನ್ನುತ್ತೇನೆ. ತುಟಿ ಉಳಿಸಿಕೊಳ್ಳಲು ಅದನ್ನು ತುಟಿಯೊಳಗೆ ಬಿಟ್ಟು ಹೊಲಿಸಿಕೊಂಡರೆ, ಇಷ್ಟು ದಿನ ಇತರರ ಮೇಲಿದ್ದ ಅನುಮಾನವೆಲ್ಲ ಇನ್ನು ನನ್ನ ತುಟಿಯ ಮೇಲೆಯೇ ಇರುತ್ತದೆ. ಒಂದೊಂದು ಸ್ವರಕ್ಕೂ.

ಕರೆಯುತ್ತಿದ್ದಾರೆ. ಮುದುಕ ತಲೆ ತಗ್ಗಿಸಲಿಲ್ಲ. ಹೆಬ್ಬೆರಳು ಎತ್ತಿ ತೋರಿಸಿದ.

ಬ್ರಾನಿ


ಮೇರಿಬರೋ
20 ಮೇ 2009

ಮಗೂ ಬ್ರಾನಿ,

ಕಾಯುವ ಕೋಣೆಯಿಂದ ಬರೆದ ಕಾಗದ ತಲುಪಿತು. ಅದರ ಮುಂದಿನದು ತಲುಪಿಲ್ಲ, ಬಹುಶಃ ನೀನು ಬರೆದಿಲ್ಲ. ಏನಾಯಿತೆಂದು ಕೇಳುವುದಿಲ್ಲ.

ಉಸಿರಿನ ಪಾಠವೊಂದನ್ನು ಬರೆಯುತ್ತೇನೆ, ವಾದ್ಯ ಬೇಡ, ತುಟಿಯೂ ಬೇಡ. ನೆಲದ ಮೇಲೆ ಅಂಗಾತ ಮಲಗು. ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕವಿಡು. ಉಸಿರೆಳೆದಾಗ ಪುಸ್ತಕ ಏಳಬೇಕು, ಎದೆ ಏಳಬಾರದು. ಬಿಡುವಾಗ ಪುಸ್ತಕ ಎಷ್ಟು ನಿಧಾನವಾಗಿ ಇಳಿಯುತ್ತದೋ ಅಷ್ಟು ಒಳ್ಳೆಯದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೇಸರ ಬಂದರೂ ಬಿಡಬೇಡ.

ಅಷ್ಟೇ.

ಕ್ಲೆಮ್ ಹೋಸ್ಕಿಂಗ್


ವಿನಮ್
5 ಜುಲೈ 2009

ಪ್ರೀತಿಯ ಮೇಷ್ಟ್ರೇ,

ಮೂರನೆಯ ಪದರಕ್ಕೆ ಎಲ್ಲ ಸ್ವಚ್ಛವಾಯಿತು. ನೀಲಿ ಎಲ್ಲಿಯೂ ಇಲ್ಲ. ಅದನ್ನೂ ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೆನ್ನೆಯ ಕಡೆಯಿಂದ ಚರ್ಮ ಸರಿಸಿ ಹೊಲಿದರು. ಸ್ನಾಯು ಸ್ವಲ್ಪ ಹೋಗಿದೆ. ನಕ್ಕರೆ ಎಡಗಡೆ ತಡವಾಗಿ ಏಳುತ್ತದೆ, ಸೂಪು ಕುಡಿದರೆ ಒಮ್ಮೊಮ್ಮೆ ಸೋರುತ್ತದೆ.

ಮೇ ತಿಂಗಳ ನಿಮ್ಮ ಕಾಗದವನ್ನು ಬಹಳ ದಿನ ಒಡೆಯಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಬರೆದಿರುತ್ತೀರಿ, ಅದನ್ನು ನಂಬಲಾರೆ, ನಂಬದಿದ್ದರೆ ನಿಮ್ಮನ್ನೂ ಕಳೆದುಕೊಳ್ಳುತ್ತೇನೆ ಎಂದು ಹೆದರಿದ್ದೆ. ಜೂನ್ ನಡುವೆ ಒಡೆದೆ. ಅದರಲ್ಲಿ ಪುಸ್ತಕವನ್ನು ಹೊಟ್ಟೆಯ ಮೇಲಿಡುವುದು ಬಿಟ್ಟು ಬೇರೇನೂ ಇರಲಿಲ್ಲ. ಆವತ್ತೇ ನೆಲದ ಮೇಲೆ ಮಲಗಿದೆ.

ಡಾ. ಕೋವಾಲ್ ಊದಲು ಒಪ್ಪಿಗೆ ಕೊಟ್ಟು ಎರಡು ವಾರವಾಯಿತು. ಮೊದಲ ದಿನ ಬಂದದ್ದು ಗಾಳಿ ಮಾತ್ರ. ಆಮೇಲೆ ಗಾಳಿಯೊಳಗೆ ಎಲ್ಲೋ ಒಂದಿಷ್ಟು ದನಿ. ಬ್ಯಾಂಡಿನವರು ನೋಡಲು ಬಂದಾಗ ಒತ್ತಾಯಕ್ಕೆ ಒಂದು ಸ್ವರ ಊದಿದೆ. "ಆಹಾ, ಮೊದಲಿನ ಥರಾನೇ ಇದೆ!" ಎಂದ ಕೆವ್. ನೋಲೀನ್ ಕಣ್ಣೊರೆಸಿಕೊಂಡಳು. ಗ್ಯಾವಿನ್ ಕೂಡ ಚೆನ್ನಾಗಿದೆ ಎಂದ. ಒಬ್ಬರನ್ನೂ ನಂಬಲಿಲ್ಲ. ನನ್ನ ಕಿವಿಯನ್ನೂ ನಂಬಲಿಲ್ಲ. ಬೇಕು ಬೇಕು ಎಂದು ಕೇಳುವ ಕಿವಿಗೆ ಇಲ್ಲದ್ದೂ ಕೇಳಿಸುತ್ತದೆ.

ಈ ಬೆಳಿಗ್ಗೆ ಕಿಟಕಿಗಳನ್ನೆಲ್ಲ ಮುಚ್ಚಿ ನಡುಸ್ಥಾಯಿಯ ಒಂದು ಸ್ವರವನ್ನು ಹಿಡಿದೆ. ಎಡಗಡೆ ಗಾಳಿ ಸೋರುತ್ತಿತ್ತು, ಆದರೂ ಬಿಡಲಿಲ್ಲ. ಉಸಿರು ಮುಗಿದಾಗ ಮತ್ತೆ ಅದನ್ನೇ ಹಿಡಿದೆ, ಮತ್ತೆ, ಮತ್ತೆ. ಆಗ ಪಕ್ಕದ ಮನೆಯ ಗೋಡೆ ದಡದಡ ಎಂದಿತು. ಹೋದ ತಿಂಗಳು ಬಾಡಿಗೆಗೆ ಬಂದವನು. ನನ್ನ ಹೆಸರು ಗೊತ್ತಿಲ್ಲ, ತುಟಿಯ ಕಥೆಯೂ ಗೊತ್ತಿಲ್ಲ.

"ಏನ್ರೀ ಅದು! ಭಾನುವಾರ ಬೆಳ್ಳಂಬೆಳಿಗ್ಗೆ! ಅದೇ ಒಂದೇ ಸ್ವರ ಎಷ್ಟು ಹೊತ್ತು ಊದ್ತೀರಿ?"

ಅದೇ ಒಂದೇ ಸ್ವರ ಎಂದ, ಮೇಷ್ಟ್ರೇ. ಸ್ವರ ಎಲ್ಲಿಯೂ ಕದಲಿಲ್ಲವೆಂದು ಅವನೇ ಗೋಡೆಯಾಚೆಯಿಂದ ಹೇಳಿದ. ನನಗೆ ಹಿತವಾಗಲಿ ಎಂಬ ಉದ್ದೇಶ ಅವನಿಗೆ ಲವಲೇಶವೂ ಇರಲಿಲ್ಲ.

ಕ್ಷಮಿಸಿ ಎಂದು ಕೂಗಿ ಹೇಳಿ, ಇನ್ನೊಮ್ಮೆ ಊದಿದೆ.

ನಿಮ್ಮ,
ಬ್ರಾನಿ